ವ್ಯಸನಮುಕ್ತಿ ಕೇಂದ್ರಕ್ಕೆ ಎರಡು ಸಲ ಸೇರಿಸಿದರೂ ನನ್ನ ತಮ್ಮ ನೋವಿನ ಮಾತ್ರೆ ಬಿಡ್ತಿಲ್ಲ. ಏನು ಮಾಡಲಿ?

ಎರಡು ಸಲವೂ ಮನೆಗೆ ಬಂದ ತಿಂಗಳೊಳಗೆ ಮತ್ತೆ ಶುರುಮಾಡಿದ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ನಾವು ಮಂಡ್ಯದ ಕಡೆಯವರು. ನನ್ನ ತಮ್ಮ ಲಾರಿಗೆ ಕಬ್ಬು ತುಂಬುತ್ತಿದ್ದ. ಸೊಂಟನೋವಿಗೆ ಅಂತ ಹಿಡಿದ ಟ್ಯಾಪೆಂಟಡಾಲ್ (ಅಫೀಮಿನ ಥರ ಕೆಲಸ ಮಾಡೋ ನೋವಿನ ಮಾತ್ರೆ) ದಿನಕ್ಕೊಂದು ಸ್ಟ್ರಿಪ್‌ಗೆ ಬಂತು. ಒಂದು ಕೇಂದ್ರದಲ್ಲಿ ತಿಂಗಳಿಟ್ಟು ಬುದ್ಧಿ ಹೇಳಿ ಕಳಿಸಿದರು. ಮೈಕೈ ತುಂಬಿಕೊಂಡು ಬಂದ. ಅಮ್ಮ ಮಾದಪ್ಪನ ಬೆಟ್ಟಕ್ಕೆ ಕರಕೊಂಡು ಹೋಗಿ ಆಣೆ ಮಾಡಿಸಿದರು. ಹದಿನಾರನೇ ರಾತ್ರಿ ಅವನ ಗೊರಕೆ ಯಾಕೋ ಸರಿಯಿಲ್ಲ ಅನ್ನಿಸಿ ಲೈಟ್ ಹಾಕಿದರೆ ತುಟಿ ನೀಲಿಗಟ್ಟಿತ್ತು. 108ಕ್ಕೆ ಫೋನ್ ಮಾಡಿ ಉಳಿಸಿಕೊಂಡೆವು. ತಿಂಗಳು ಬಿಟ್ಟ ಮೈ ಹಳೇ ಪ್ರಮಾಣ ತಡೆಯಲ್ಲ, ಉಸಿರೇ ನಿಂತುಹೋಗಬಹುದು ಅನ್ನೋದನ್ನ ಆ ಕೇಂದ್ರದಲ್ಲಿ ಯಾರೂ ಹೇಳಿರಲಿಲ್ಲ.

ಕೈಹಿಡಿದದ್ದು ಇಂಥ ಮಾತ್ರೆಗಳ ಚಟಕ್ಕೆ ಚಿಕಿತ್ಸೆಯಾಗಿ ಕೊಡೋ ಬ್ಯುಪ್ರೆನಾರ್ಫಿನ್-ನಲಾಕ್ಸೋನ್ ಮಾತ್ರೆ. ಮೈಸೂರಿನ ಮನೋವೈದ್ಯರು ಆಕಳಿಕೆ, ಮೂಗು ಸೋರೋದು, ಕಾಲು ಸೆಳೆತ ಶುರುವಾಗೋ ತನಕ ಕಾಯಿಸಿ ಮೊದಲ ಮಾತ್ರೆ ಕೊಟ್ಟರು. ಅದಕ್ಕೂ ಮುಂಚೆ ಕೊಟ್ಟರೆ ಸಂಕಟ ಒಮ್ಮೆಲೇ ಜಾಸ್ತಿಯಾಗುತ್ತೆ. ನುಂಗುವ ಹಾಗಿಲ್ಲ, ನಾಲಿಗೆ ಕೆಳಗೆ ಕರಗಬೇಕು. ಬೆಳಿಗ್ಗೆ ಅಮ್ಮ ರೊಟ್ಟಿ ತಟ್ಟುತ್ತಾ, ಅವನು ಬಾಯಿ ತೆರೆಯೋಕೆ ಹೋದರೆ ಹಿಟ್ಟಿನ ಕೈಯಲ್ಲೇ ಸನ್ನೆ ಮಾಡಿ ಸುಮ್ಮನಿರಿಸೋರು. ಪೂರ್ತಿ ಕರಗಿದ ಮೇಲೇ ಕಾಫಿ.

'ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರಿ' ಅಂದರು ಚಿಕ್ಕಪ್ಪ. ನಿಮ್ಮ ಮನೆಯಲ್ಲೂ ಯಾರಾದರೂ ಅಂತಾರೆ. ಅದನ್ನ ಕೇಳಿ ದಯವಿಟ್ಟು ಔಷಧಿ ನಿಲ್ಲಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದರಲ್ಲಿರೋ ಬ್ಯುಪ್ರೆನಾರ್ಫಿನ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಸರಿಯಾದ ಡೋಸ್‌ನಲ್ಲಿ ಚಡಪಡಿಕೆಯನ್ನೂ ಬೇಕು ಬೇಕು ಅನ್ನೋದನ್ನೂ ಅದು ತಡೆಯುತ್ತೆ. ತಮ್ಮ ಈಗ ಆಲೆಮನೆಯಲ್ಲಿ ಲೆಕ್ಕ ಬರೀತಾನೆ, ಎರಡನೇ ವರ್ಷ ನಡೀತಿದೆ. ನಡುವೆ ಒಮ್ಮೆ ಜಾರಿದ. ಡಾಕ್ಟರು ಬೈಯಲಿಲ್ಲ, ಡೋಸ್ ಸರಿಮಾಡಿ ವಾರಕ್ಕೊಮ್ಮೆ ಬರೋಕೆ ಹೇಳಿದರು. ಜಾರಿದವರನ್ನ ಹೊರಗೆ ಹಾಕೋ ಕಡೆ ಯಾರೂ ಗುಣವಾಗಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ಮಾತ್ರೆಯ ಜೊತೆ ಕುಡಿತ, ನಿದ್ದೆಮಾತ್ರೆ ಮಾತ್ರ ಬೇಡವೇ ಬೇಡ, ಜೀವಕ್ಕೇ ಅಪಾಯ.

ಮೂರನೇ ಸಲ ಸೇರಿಸೋ ಮುಂಚೆ ಆ ಕೇಂದ್ರದವರನ್ನ ಕೇಳಿ: ಮನೆಗೆ ಕಳಿಸಿದ ಮಾರನೇ ದಿನದಿಂದ ಯಾವ ಔಷಧಿ, ಯಾರು ನೋಡ್ಕೋತಾರೆ? ತಡವರಿಸಿದರೆ ಎದ್ದು ಬನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಇವತ್ತೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.