ಹಂಗಿಸದೆ ಕೊಡುವವನನ್ನು ಕೇಳಲು ಸಂಕೋಚ ಯಾಕೆ?

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಬೆಂಗಳೂರಿನಲ್ಲಿ ನಿಮ್ಮ ಕೆಲಸ, ಊರಿನಲ್ಲಿ ಒಬ್ಬರೇ ಇರುವ ತಂದೆ. ಕೆಲಸ ಬಿಟ್ಟು ಊರಿಗೆ ಹೋಗಬೇಕೋ ಇಲ್ಲೇ ಇರಬೇಕೋ ಅಂತ ಎರಡು ತಿಂಗಳಿಂದ ಪ್ರಾರ್ಥನೆ ಮಾಡುತ್ತಿದ್ದೀರಿ. ಒಂದು ಗುರುತೂ ಸಿಕ್ಕಿಲ್ಲ. "ದಿನನಿತ್ಯದ ವಿಷಯಗಳಲ್ಲಿ ದೇವರ ಚಿತ್ತ ತಿಳಿಯುವುದು ಹೇಗೆ? ಇಂಥದ್ದಕ್ಕೆಲ್ಲ ಆತನನ್ನು ಪದೇ ಪದೇ ಕೇಳುವುದು ತಪ್ಪಾ?" ಅಂತ ಕೇಳಿದ್ದೀರಿ.

ತಪ್ಪಲ್ಲ. ನಾನು ಸಭಾಪಾಲಕಿ ಅಲ್ಲ, ದೇವರ ಶಾಸ್ತ್ರ ಓದಿದವಳೂ ಅಲ್ಲ. ಬೆಟಗೇರಿಯಲ್ಲಿ ಹುಟ್ಟಿ, ಈಗ ಹುಬ್ಬಳ್ಳಿಯಲ್ಲಿರುವ ಪ್ರಾಥಮಿಕ ಶಾಲೆಯ ಟೀಚರ್. ಆದರೆ ಈ ಪ್ರಶ್ನೆಯ ಜೊತೆ ಬಹಳ ವರ್ಷ ಬದುಕಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯ, 5ನೇ ವಚನ ನಿಮಗೆ ಗೊತ್ತಿರಬೇಕು. ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಿಕೊಳ್ಳಿ, ಆತನು "ಹಂಗಿಸದೆ" ಎಲ್ಲರಿಗೂ ಕೊಡುತ್ತಾನೆ ಅಂತ ಅಲ್ಲಿದೆ. ಸಂಡೇ ಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡಿದ್ದೆ. ಆಗ ನನ್ನ ಗಮನವೆಲ್ಲ "ಜ್ಞಾನ" ಅನ್ನುವ ಮಾತಿನ ಮೇಲಿತ್ತು. ನಲವತ್ತು ದಾಟಿದ ಮೇಲೆ "ಹಂಗಿಸದೆ" ಅನ್ನುವ ಮಾತು ಕಣ್ಣಿಗೆ ಬಿತ್ತು.

ಮೂಲ ಗ್ರೀಕ್ ಪದಕ್ಕೆ ಮೂದಲಿಸು, ಬಯ್ಯು ಅನ್ನುವ ಅರ್ಥವಿದೆ. ನಮ್ಮ ಭಾಷಾಂತರಕಾರರು ಅದಕ್ಕೆ ಹಂಗಿಸು ಅಂತ ಹಾಕಿದ್ದಾರೆ. ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ಫೀಸು ಕಟ್ಟುತ್ತಾನೆ, ಹತ್ತು ವರ್ಷ ಆದ ಮೇಲೂ ಮದುವೆಮನೆಯಲ್ಲಿ ನಾಲ್ಕು ಜನರ ಮುಂದೆ ಅದನ್ನು ನೆನಪಿಸುತ್ತಾನೆ. ಪಕ್ಕದ ಮನೆಯವರು ಒಂದು ಬಟ್ಟಲು ಸಕ್ಕರೆ ಕೊಡುತ್ತಾರೆ, "ಮೊನ್ನೆನೂ ಒಯ್ದಿದ್ರಲ್ಲ" ಅಂತಾರೆ. ಕೊಟ್ಟಿದ್ದಕ್ಕಿಂತ ಆ ಮಾತೇ ಭಾರ. ಅದಕ್ಕೇ ನಾವು ಕೇಳುವುದನ್ನೇ ಬಿಡುತ್ತೇವೆ. ಹಸಿದಿದ್ದರೂ "ಊಟ ಆಯ್ತು" ಅಂತೀವಿ, ಅಲ್ವಾ? ಅದೇ ಅಭ್ಯಾಸ ದೇವರ ಮುಂದೆಯೂ ಬರುತ್ತದೆ. ನಿಮ್ಮ ಪ್ರಶ್ನೆಯ "ಪದೇ ಪದೇ" ಅನ್ನುವುದರಲ್ಲಿ ನನಗೆ ಅದೇ ಸಂಕೋಚ ಕೇಳಿಸಿತು.

ಈ ಮಾತು ನನಗೆ ಹೇಗೆ ಅರ್ಥವಾಯಿತು ಅಂತ ಹೇಳಬೇಕಾದರೆ ಒಂದು ಜಾಮೀನಿನ ಕಥೆ ಹೇಳಬೇಕು.

ಹತ್ತಿರದ ಸಂಬಂಧಿಕರೊಬ್ಬರು ಅಂಗಡಿ ಹಾಕಲು ಸಾಲ ಮಾಡುವವರಿದ್ದರು. ಸಂಬಳ ಬರುವವರ ಜಾಮೀನು ಬೇಕಿತ್ತು. ಸರ್ಕಾರಿ ಟೀಚರ್ ಅಂದ ಮೇಲೆ ಗೊತ್ತಲ್ಲ, ಎಲ್ಲರಿಗೂ ಮೊದಲು ನೆನಪಾಗುವುದು ನಮ್ಮ ಸ್ಯಾಲರಿ ಸರ್ಟಿಫಿಕೇಟು. ನಮ್ಮವ್ವ ಒಂದೇ ಮಾತು ಹೇಳಿದಳು, "ಸಹಿ ಮಾಡಬ್ಯಾಡವ್ವಾ." ನನ್ನ ಯಜಮಾನರು "ಯೋಚನೆ ಮಾಡು" ಅಂದರು. ನಾನು ಪ್ರಾರ್ಥನೆ ಮಾಡಿದೆ. ನಿಜವಾಗಿಯೂ ಮಾಡಿದೆ. ಆಮೇಲೆ ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟೆ. ಮೊದಲ ಸಲ ಪೂರ್ವಕಾಲವೃತ್ತಾಂತದ ವಂಶಾವಳಿ ಬಂತು. ಎರಡನೇ ಸಲವೂ ಸಂಬಂಧವಿಲ್ಲದ್ದು. ಮೂರನೇ ಸಲ ಗಲಾತ್ಯ 6:2 ಬಂತು. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ. ದೇವರೇ ಮಾತಾಡಿದ ಅಂತ ಅತ್ತುಬಿಟ್ಟೆ. ಮರುದಿನ ಸಹಿ ಮಾಡಿದೆ.

ಒಂದೂವರೆ ವರ್ಷಕ್ಕೆ ಅಂಗಡಿ ಮುಚ್ಚಿತು. ತಿಂಗಳಿಗೆ 6,500 ರೂಪಾಯಿಯಂತೆ ನಾಲ್ಕು ವರ್ಷ ನನ್ನ ಸಂಬಳದಲ್ಲಿ ಹಿಡಿದರು. ಮಗಳ ಟ್ಯೂಷನ್ ಬಿಡಿಸಿದೆವು. ಮನೆಯಲ್ಲಿ ಮಾತು ಕಡಿಮೆಯಾಯಿತು.

ಆ ದಿನ ಮೂರೇ ವಚನ ಮುಂದೆ ಓದಿದ್ದರೆ ಗಲಾತ್ಯ 6:5 ಸಿಗುತ್ತಿತ್ತು. ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕು ಅಂತ ಅಲ್ಲಿದೆ. ಜ್ಞಾನೋಕ್ತಿ 22ನೇ ಅಧ್ಯಾಯ ತೆರೆದಿದ್ದರೆ ಇನ್ನೂ ನೇರ ಉತ್ತರವಿತ್ತು. ಬೇರೆಯವರ ಸಾಲಕ್ಕೆ ಹೊಣೆಯಾಗಬೇಡ, ತೀರಿಸಲು ನಿನ್ನ ಹತ್ತಿರ ಇಲ್ಲದಿದ್ದರೆ ಮಲಗುವ ಹಾಸಿಗೆಯೂ ಹೋಗುತ್ತದೆ ಅಂತ ಅರಸ ಸೊಲೊಮೋನನ ಕಾಲದಿಂದ ಬರೆದಿಟ್ಟಿದೆ. ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಅವಳ ಬಾಯಲ್ಲಿ ಬಂದದ್ದೂ ಅದೇ. ದೇವರು ಎರಡು ಕಡೆಯಿಂದ ಹೇಳಿದ್ದ. ನಾನು ಮೂರನೇ ಕಡೆ ಬೆರಳಿಟ್ಟುಕೊಂಡು ಕೂತಿದ್ದೆ.

ಆ ನಾಲ್ಕು ವರ್ಷ ನನಗೆ ಪ್ರಾರ್ಥನೆ ಮಾಡಲು ಮುಖವಿರಲಿಲ್ಲ. ಆದಿತ್ಯವಾರ ಆರಾಧನೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ. ಏನಾದರೂ ಕೇಳಬೇಕು ಅಂದರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. "ಅವತ್ತು ನನ್ನ ಮಾತು ಕೇಳಿದ್ಯಾ, ಈಗ ಯಾಕೆ ಬಂದೆ" ಅಂತ ಆತನು ಅಂತಾನೆ ಅನ್ನಿಸುತ್ತಿತ್ತು. ಮನೆಯಲ್ಲಿ ಕೆಲವರು ಹಾಗೇ ಅಂದಿದ್ದರು ಕೂಡ. ಒಂದು ಶುಕ್ರವಾರ ಸ್ತ್ರೀಯರ ಕೂಟದಲ್ಲಿ ಓದುವ ಸರದಿ ನನ್ನದಿತ್ತು. ಪಾಠ ಯಾಕೋಬ 1. "ಹಂಗಿಸದೆ" ಅನ್ನುವಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಹಿರಿಯಕ್ಕ ಪುಸ್ತಕ ತೆಗೆದುಕೊಂಡು ಉಳಿದದ್ದನ್ನು ಓದಿದರು. ಅವತ್ತು ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡೇ, ಎಷ್ಟೋ ದಿನದ ಮೇಲೆ, ಕೇಳಿಕೊಂಡೆ.

ಈಗ ಗುರುತಿನ ವಿಷಯ. ಎಲ್ಲರೂ ಗಿದ್ಯೋನನ ಉಣ್ಣೆಯನ್ನು ನೆನಪಿಸುತ್ತಾರೆ. ರಾತ್ರಿ ನೆಲದ ಮೇಲೆ ಉಣ್ಣೆ ಇಟ್ಟು, ಅದರ ಮೇಲೆ ಮಾತ್ರ ಮಂಜು ಬೀಳಲಿ, ಇನ್ನೊಂದು ರಾತ್ರಿ ನೆಲದ ಮೇಲೆ ಮಾತ್ರ ಬೀಳಲಿ ಅಂತ ಅವನು ದೇವರ ಹತ್ತಿರ ಗುರುತು ಕೇಳಿದ್ದ. ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಉಣ್ಣೆ ಇಡುವ ಮುಂಚೆಯೇ ಏನು ಮಾಡಬೇಕು ಅಂತ ದೇವರು ಅವನಿಗೆ ಸ್ಪಷ್ಟವಾಗಿ ಹೇಳಿಯಾಗಿತ್ತು. ಗುರುತು ಕೇಳಿದ್ದು ಹೆದರಿಕೆಯಿಂದ. ದೇವರು ಸಿಟ್ಟಾಗದೆ ಎರಡು ಸಲವೂ ಕೊಟ್ಟ. ಅದು ಆತನ ದೊಡ್ಡತನ. ಆದರೆ ದಾರಿ ತಿಳಿಯಲು ಎಲ್ಲರೂ ಹೀಗೆ ಮಾಡಿ ಅಂತ ಅಲ್ಲಿ ಎಲ್ಲೂ ಹೇಳಿಲ್ಲ.

ಸತ್ಯವೇದವನ್ನು ಸುಮ್ನೆ ತೆರೆದು ಬೆರಳಿಡುವುದಕ್ಕೆ ಹಳೆಯ ಕಾಲದ ಕ್ರೈಸ್ತ ಗುರು ಅಗಸ್ಟೀನನ ಉದಾಹರಣೆ ಕೊಡುವವರಿದ್ದಾರೆ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ, ತೆಗೆದುಕೊಂಡು ಓದು ಅನ್ನುವ ಮಗುವಿನ ದನಿ ಕೇಳಿ ಆತ ಪುಸ್ತಕ ತೆರೆದ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಬಂತು. ಬದುಕೇ ಬದಲಾಯಿತು. ನಿಜ. ಆದರೆ ಅಷ್ಟೊತ್ತಿಗೆ ಆತ ಅಲ್ಲಿನ ಬಿಷಪ್ ಅಂಬ್ರೋಸನ ಪ್ರಸಂಗಗಳನ್ನು ಕೇಳಿದ್ದ, ಪೌಲನ ಪತ್ರಿಕೆಗಳನ್ನು ಓದುತ್ತಿದ್ದ, ವರ್ಷಗಟ್ಟಲೆ ತನ್ನ ಜೊತೆ ತಾನೇ ಹೋರಾಡಿದ್ದ. ಏನು ಬಿಡಬೇಕು ಅಂತ ಆತನಿಗೆ ಮೊದಲೇ ಗೊತ್ತಿತ್ತು. ಆ ವಚನ ಹೊಸ ಸುದ್ದಿ ತಂದಿರಲಿಲ್ಲ, ಬಲ ತಂದಿತ್ತು.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನಾವೂ ಒಂದೊಂದು ವಚನ ಬರೆದಿರುವ ವಾಗ್ದಾನದ ಕಾರ್ಡ್ ಎತ್ತುತ್ತೇವೆ. ಅದು ನನಗೆ ಇಷ್ಟ. ಫ್ರಿಜ್ಜಿನ ಮೇಲೆ ಅಂಟಿಸಿ ವರ್ಷವಿಡೀ ಓದುತ್ತೇನೆ. ಆದರೆ ಅದನ್ನು ನೋಡಿ ಸೈಟು ಕೊಳ್ಳುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಕಲಿಸಿದ್ದು ಯೆರೆಮೀಯ 42ನೇ ಅಧ್ಯಾಯ. ಇದನ್ನು ಪ್ರಸಂಗದಲ್ಲಿ ಕೇಳುವುದು ಕಡಿಮೆ. ದಯವಿಟ್ಟು ಓದಿ. ಯೆರೂಸಲೇಮ್ ಹಾಳಾಗಿದೆ. ಉಳಿದ ಜನ ಐಗುಪ್ತಕ್ಕೆ ಓಡಿಹೋಗುವ ಯೋಚನೆಯಲ್ಲಿದ್ದಾರೆ, ಆ ದಾರಿ ಹಿಡಿದು ಹೊರಟೂ ಆಗಿದೆ. ಪ್ರವಾದಿ ಯೆರೆಮೀಯನ ಹತ್ತಿರ ಬಂದು, ನಮಗೋಸ್ಕರ ದೇವರನ್ನು ಕೇಳು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಆತನು ಹೇಳಿದಂತೆ ಮಾಡುತ್ತೇವೆ ಅಂತಾರೆ. ಎಷ್ಟು ಭಕ್ತಿಯ ಮಾತು! ಹತ್ತು ದಿನ ಆದ ಮೇಲೆ ಉತ್ತರ ಬರುತ್ತದೆ. ಇಲ್ಲೇ ಇರಿ, ಹೆದರಬೇಡಿ, ಐಗುಪ್ತಕ್ಕೆ ಹೋಗಬೇಡಿ. 43ನೇ ಅಧ್ಯಾಯದ ಶುರುವಿನಲ್ಲೇ ಅವರು, ನೀನು ಸುಳ್ಳು ಹೇಳುತ್ತೀ ಅಂತ ಪ್ರವಾದಿಗೇ ಹೇಳಿ ಹೊರಟುಬಿಡುತ್ತಾರೆ. ಪ್ರವಾದಿಯನ್ನೂ ಜೊತೆಗೆ ಕರೆದುಕೊಂಡು.

ಆ ಹತ್ತು ದಿನ ನನ್ನ ಮನಸ್ಸಿನಲ್ಲಿ ಕೂತಿದೆ. ಯೆರೆಮೀಯನಂಥ ಪ್ರವಾದಿಯೇ ಹತ್ತು ದಿನ ಕಾಯಬೇಕಾಯಿತು. ಆ ಹತ್ತು ದಿನ ಆ ಜನ ಏನು ಮಾಡುತ್ತಿದ್ದರು? ಗಂಟುಮೂಟೆ ಬಿಚ್ಚಿರಲಿಕ್ಕಿಲ್ಲ. ನಾನೂ ಅವತ್ತು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರಾರ್ಥನೆ ಮಾಡಿದ್ದೆ. ಸಂಬಂಧಿಕರ ಹತ್ತಿರ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ಅದಕ್ಕೆ ದೇವರ ಸಹಿ ಬೇಕಾಗಿತ್ತು. ನಿಮ್ಮ ಬಗ್ಗೆ ಹೀಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಪ್ರಾರ್ಥನೆಗೆ ಕೂತಾಗ, "ಉತ್ತರ ಇದೇ ಆಗಿರಲಿ" ಅಂತ ಒಳಗೆ ಏನಾದರೂ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಅದನ್ನೂ ದೇವರಿಗೇ ಹೇಳಿ. ನಾನು ಈಗ ಹಾಗೇ ಮಾಡುತ್ತೇನೆ. "ಕರ್ತನೇ, ನನಗೆ ಇದು ಬೇಕು ಅಂತ ಆಸೆ ಇದೆ, ನಿನಗೆ ಗೊತ್ತು." ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಆಸೆಯ ಹಿಡಿತ ಸ್ವಲ್ಪ ಸಡಿಲವಾಗುತ್ತದೆ.

ಹಾಗಾದರೆ ದಾರಿ ತಿಳಿಯುವುದು ಹೇಗೆ? ಸೊಲೊಮೋನನಿಗೆ ಗಿಬ್ಯೋನಿನಲ್ಲಿ ದೇವರು ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ವಿವೇಕ. ಇಬ್ರಿಯ ಭಾಷೆಯಲ್ಲಿ ಆ ಮಾತಿನ ಅರ್ಥ "ಕಿವಿಗೊಡುವ ಹೃದಯ" ಅಂತ ನಮ್ಮ ಸಭಾಪಾಲಕ ಅಯ್ಯನವರು ಒಮ್ಮೆ ಹೇಳಿದ್ದರು. ಆಮೇಲೆ ಏನಾಯಿತು ನೋಡಿ. ಇಬ್ಬರು ಹೆಂಗಸರು ಒಂದು ಮಗುವಿಗಾಗಿ ಜಗಳವಾಡಿಕೊಂಡು ಬಂದರು. ಆಕಾಶದಿಂದ ದನಿ ಬರಲಿಲ್ಲ, ಕನಸೂ ಬೀಳಲಿಲ್ಲ. ಅವನು ಇಬ್ಬರ ಮಾತನ್ನೂ ಕೇಳಿದ. ಮಗುವನ್ನು ಕಡಿದು ಇಬ್ಬರಿಗೂ ಹಂಚಿ ಅಂದ, ಬೇಡ ಅಂದವಳೇ ತಾಯಿ ಅಂತ ತೀರ್ಮಾನಿಸಿದ. ತಾಯಿಯ ಕರುಳು ಹೇಗೆ ಮಾತಾಡುತ್ತದೆ ಅಂತ ಅವನಿಗೆ ಗೊತ್ತಿತ್ತು. ದೇವರು ಕೊಟ್ಟ ಜ್ಞಾನ ಅವನ ಕಣ್ಣು, ಕಿವಿ, ತಲೆಯ ಮೂಲಕವೇ ಕೆಲಸ ಮಾಡಿತು. ದೇವರ ಮಾರ್ಗದರ್ಶನ ಅಂದರೆ ನಮ್ಮ ಬುದ್ಧಿಯನ್ನು ಬದಿಗಿಟ್ಟು ಬರುವ ಸಂದೇಶ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಮೂರು ವರ್ಷದ ಹಿಂದೆ ನನಗೆ ಬೇರೆ ತಾಲೂಕಿನಲ್ಲಿ ಮುಖ್ಯೋಪಾಧ್ಯಾಯಿನಿ ಆಗುವ ಅವಕಾಶ ಬಂತು. ಮಗಳು ಹತ್ತನೇ ತರಗತಿ. ಈ ಸಲ ಬೆರಳಿಡಲಿಲ್ಲ. ದಿನಾ ಬೆಳಿಗ್ಗೆ ಜ್ಞಾನೋಕ್ತಿ ಓದುವುದನ್ನು ಅಷ್ಟರಲ್ಲಿ ರೂಢಿ ಮಾಡಿಕೊಂಡಿದ್ದೆ. 31 ಅಧ್ಯಾಯ, ತಾರೀಕಿಗೆ ಒಂದು. (ಪ್ರತಿ ತಿಂಗಳು 22ಕ್ಕೆ ಆ ಹಾಸಿಗೆಯ ವಚನ ಬಂದೇ ಬರುತ್ತದೆ.) ನನಗೆ ಬೇಡ ಅನ್ನುವ ಧೈರ್ಯವಿರುವ ಇಬ್ಬರನ್ನು ಕೇಳಿದೆ, ಅವ್ವನನ್ನು ಮತ್ತು ಜೊತೆಯ ಒಬ್ಬ ಟೀಚರನ್ನು. ಮಗಳನ್ನೂ ಕೇಳಿದೆ. ನಮ್ಮ ಓಣಿಯ ಕ್ಯಾಥೊಲಿಕ್ ಗೆಳತಿಯೊಬ್ಬಳು ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ, ಲೊಯೋಲಾದ ಇಗ್ನೇಷಿಯಸ್ ಹೇಳಿಕೊಟ್ಟ ಒಂದು ನಿಯಮ ಹೇಳಿದಳು. ಮನಸ್ಸು ಕತ್ತಲಾಗಿರುವಾಗ, ದೇವರು ದೂರ ಅನ್ನಿಸುವಾಗ, ಮೊದಲು ಮಾಡಿದ ತೀರ್ಮಾನ ಬದಲಾಯಿಸಬೇಡ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದಾಗ ಆತ ಒಂದು ವಿಷಯ ಗಮನಿಸಿದ್ದನಂತೆ. ಕೆಲವು ಯೋಚನೆಗಳು ಆ ಹೊತ್ತಿಗೆ ಸಿಹಿ, ಆಮೇಲೆ ಮನಸ್ಸು ಒಣಗುತ್ತದೆ. ಇನ್ನು ಕೆಲವು ಮುಗಿದ ಮೇಲೂ ಸಂತೋಷ ಉಳಿಸುತ್ತವೆ. ನಾನು ಎರಡು ವಾರ ಗಮನಿಸಿದೆ. ಹುದ್ದೆಯ ಯೋಚನೆ ಮೊದಲು ಉಬ್ಬಿಸುತ್ತಿತ್ತು, ರಾತ್ರಿ ಹೊತ್ತಿಗೆ ಚಡಪಡಿಕೆ. ಕೊನೆಗೆ ಬೇಡ ಅಂದೆ. ಅದೇ ದೇವರ ಚಿತ್ತ ಅಂತ ಸೀಲು ಹಾಕಿದ ಕಾಗದ ಇಂದಿಗೂ ನನ್ನ ಹತ್ತಿರ ಇಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬಂತು.

ಸಣ್ಣ ವಿಷಯಗಳಿಗೆ ಪರ್ಷಿಯದ ಅರಸನ ಸೇವೆಯಲ್ಲಿದ್ದ ನೆಹೆಮೀಯನನ್ನು ನೋಡಿ. ಅರಸನು ಏನು ಬೇಕು ಅಂತ ಕೇಳುತ್ತಾನೆ. ಅವನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮೀಯ ಪ್ರಾರ್ಥಿಸಿಬಿಡುತ್ತಾನೆ. ಎಷ್ಟು ಹೊತ್ತು ಸಿಕ್ಕಿರಬಹುದು? ಒಂದು ಉಸಿರಿನಷ್ಟು. ತರಗತಿಯಲ್ಲಿ ಹುಡುಗನಿಗೆ ಬಯ್ಯುವ ಮುಂಚೆ, ನಾದಿನಿಯ ಫೋನು ಎತ್ತುವ ಮುಂಚೆ, ನಾನು ಅಷ್ಟೇ ಮಾಡುತ್ತೇನೆ. ಎಷ್ಟೋ ಮಾತು ಅಲ್ಲಿಗೇ ನಿಲ್ಲುತ್ತವೆ. ನಿಮ್ಮ "ಪದೇ ಪದೇ"ಗೆ ನನ್ನ ಉತ್ತರ ಇದು. ದಿನಕ್ಕೆ ಇಪ್ಪತ್ತು ಸಲ ಕೇಳಿ.

ಇನ್ನೊಂದು ಎಚ್ಚರಿಕೆ. "ದೇವರು ನನಗೆ ನಿಮ್ಮ ಬಗ್ಗೆ ತೋರಿಸಿದ" ಅಂತ ಯಾರಾದರೂ ನಿಮ್ಮ ಮದುವೆ, ಕೆಲಸ, ಹಣದ ಬಗ್ಗೆ ಅಪ್ಪಣೆ ಕೊಟ್ಟರೆ ಗೌರವದಿಂದ ಕೇಳಿ, ಆದರೆ ಯಾಕೋಬ 3:17ಕ್ಕೆ ಹಚ್ಚಿ ನೋಡಿ. ಮೇಲಿನಿಂದ ಬರುವ ಜ್ಞಾನ ಪರಿಶುದ್ಧ, ಸಮಾಧಾನ ತರುವಂಥದ್ದು, ಸಾತ್ವಿಕ ಅಂತ ಅಲ್ಲಿದೆ. ಹೆದರಿಸಿ ಅವಸರ ಮಾಡುವ ಮಾತು ಅದಕ್ಕೆ ಹೊಂದುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ. ಮೂರು ಸಲ ಓದಿದೆ ಅಂದೆನಲ್ಲ, ಒಂದು ಕಾರಣಕ್ಕೆ. ಸಂಬಳ ಎಷ್ಟು ಕಡಿಮೆಯಾಗುತ್ತದೆ ಅಂತ ಬರೆದಿದ್ದೀರಿ. ಊರಿನಲ್ಲಿ ಯಾವ ಕೆಲಸ ಸಿಗಬಹುದು ಅಂತ ಬರೆದಿದ್ದೀರಿ. ಸಭೆಯವರು, ಗೆಳೆಯರು ಏನಂದರು ಅಂತಲೂ ಇದೆ. ನಿಮ್ಮ ತಂದೆಯವರಿಗೆ ಏನು ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅವರನ್ನು ಕೇಳಿದ್ದೀರಾ? ಅವರಿಗೆ ನೀವು ಬರಬೇಕು ಅಂತಿರಬಹುದು. ಅವರೇ ನಿಮ್ಮ ಹತ್ತಿರ ಬರಲು ತಯಾರಿದ್ದು, ಮಗನಿಗೆ ಭಾರವಾಗುತ್ತೇನೆ ಅಂತ ಬಾಯಿ ಬಿಡದೆ ಇರಬಹುದು. ಅವರಿಗೂ ಹಂಗಿನ ಭಯ ಇರುತ್ತದೆ. ಫೋನಿನಲ್ಲಿ ಬೇಡ. ಈ ಶನಿವಾರ ಬಸ್ಸು ಹತ್ತಿ. ರಾತ್ರಿ ಊಟ ಆದ ಮೇಲೆ ಪಕ್ಕದಲ್ಲಿ ಕೂತು ಕೇಳಿ, ಅವರು ಹೇಳಿ ಮುಗಿಸುವವರೆಗೆ ಮಧ್ಯೆ ಮಾತಾಡಬೇಡಿ.

ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆ. ಈ ಶನಿವಾರ ನಿಮ್ಮಿಬ್ಬರನ್ನೂ ನೆನೆಸುತ್ತೇವೆ.