58 ವರ್ಷ, ಗೇ, ಒಂಟಿ, ಬಿಪಿ ಶುಗರ್ ಬೇರೆ. ಡಾಕ್ಟರಿಗೆ ಹೇಳಬೇಕಾ, ಇಲ್ಲ ಹಿಂಗೇ ಗಟ್ಟಿಯಾಗಿ ಇದ್ದುಬಿಡಲಾ?

ಸಾರ್, ನಾನು ನಿಮಗಿಂತ ಸ್ವಲ್ಪ ದೊಡ್ಡೋನು, ಇರೋದು ದಾವಣಗೆರೆಲೇ. ಊರಿಗೆಲ್ಲ ಡಂಗುರ ಹೊಡೆಯೋದು ಬೇಡ, ಆದ್ರೆ ಯಾರಿಗೂ ಹೇಳದೇ ನುಂಗ್ಕೊಂಡು ಇರೋದನ್ನ ಗಟ್ಟಿತನ ಅಂದ್ಕೋಬೇಡಿ. ನಮ್ಮ ವಯಸ್ಸಿನೋರು ಅದನ್ನೇ ರೂಢಿ ಮಾಡ್ಕೊಂಡ್ವಿ, ಹೆಣ್ಣು ನೋಡೋಕೆ ಕರೆದ್ರೆ ಒಂದು ನೆಪ, ಆಫೀಸಲ್ಲಿ ಒಂದು ಸುಳ್ಳು, ಮೇಲಿಂದ ಗೇ ಸಂಬಂಧಾನ ಅಪರಾಧ ಅಂತಿದ್ದ ಸೆಕ್ಷನ್ 377ರ ಭಯ, ಅದು ತೊಲಗಿದ್ದು 2018ರ ಸೆಪ್ಟೆಂಬರಲ್ಲಿ, ಅಷ್ಟೊತ್ತಿಗೆ ತಲೆ ನರೆತಿತ್ತು. ಜೀವನಪೂರ್ತಿ ಹೆದರ್ಕೊಂಡೇ ಇದ್ರೆ ನಿದ್ದೆ, ಬಿಪಿ, ಕುಡಿತ ಎಲ್ಲಾ ಕೈ ತಪ್ಪುತ್ತೆ.

ಅಮೆರಿಕದಲ್ಲಿ 50 ದಾಟಿದ ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲಾ ಸೇರಿ 2,560 ಜನರನ್ನ ಕೇಳಿ 2011ರಲ್ಲಿ ಒಂದು ರಿಪೋರ್ಟ್ ತಂದಿದ್ರು. ಹಿಂಸೆ ಅನುಭವಿಸಿದೋರಿಗೆ, ತಮ್ಮ ಬಗ್ಗೆ ತಾವೇ ನಾಚ್ಕೊಳ್ಳೋರಿಗೆ ಡಿಪ್ರೆಶನ್ನು, ಓಡಾಡೋ ಕಷ್ಟ ಜಾಸ್ತಿ, ಆಸರೆಗೆ ಜನ ಇದ್ದೋರಿಗೆ ಕಮ್ಮಿ. ಅದು ಅವರ ದೇಶದ ಲೆಕ್ಕ, ನಮ್ಮ ಜಾತಿ, ಬೀಗರು, ಮಠ ಇದ್ಯಾವುದೂ ಅದರಲ್ಲಿಲ್ಲ, ಆದ್ರೂ ಆಸರೆ ಮಾತು ಇಲ್ಲೂ ನಿಜ.

ನನ್ನ ಹರ್ನಿಯಾ ಆಪರೇಶನ್ ಟೈಮಲ್ಲಿ, ಆಸ್ಪತ್ರೆ ಹೆಸರು ಬೇಡ, ಫಾರಂಗೆ ಸೈನ್ ಹಾಕೋಕೆ ನನ್ನ ಜೊತೆಗಾರ ಪೆನ್ನು ತಗೊಂಡ. ಕೌಂಟರಲ್ಲಿದ್ದೋನು "ಇವ್ರು ನಿಮಗೇನಾಗ್ಬೇಕು? ಮನೆಯೋರು ಯಾರಾದ್ರೂ ಬರ್ಲಿ" ಅಂದ. ವರ್ಷಕ್ಕೊಂದ್ಸಲ ಮುಖ ತೋರಿಸೋ ತಮ್ಮನ ಮಗ ಜಗಳೂರಿಂದ ಬಂದು ಸೈನ್ ಹಾಕಿ ಟೀ ಕುಡ್ದು ಹೋದ, ರಾತ್ರಿಯಿಡೀ ಯೂರಿನ್ ಬ್ಯಾಗ್ ಖಾಲಿ ಮಾಡಿದ್ದು ನಮ್ಮೋನೇ.

ಡಾಕ್ಟರಿಗೆ ಹೇಳಿ, ಆದ್ರೆ ಆಳು ನೋಡಿ ಹೇಳಿ. ಮದುವೆ ಆಗಿಲ್ಲ ಅಂದ್ರೆ ಸೆಕ್ಸೇ ಇಲ್ಲ ಅಂದ್ಕೊಂಡು ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಬರಿಯೋದೇ ಇಲ್ಲ ಎಷ್ಟೋ ಜನ. ಹೇಳೋಕೆ ಆಗ್ಲಿಲ್ಲ ಅಂದ್ರೆ ಜಿಲ್ಲಾಸ್ಪತ್ರೆಯ ಐಸಿಟಿಸಿಗೆ (ಸಲಹೆ ಕೊಟ್ಟು ಟೆಸ್ಟ್ ಮಾಡೋ ಸರ್ಕಾರಿ ಕೇಂದ್ರ) ಹೋಗಿ, ಎಚ್‌ಐವಿ ಟೆಸ್ಟ್ ಫ್ರೀ, ಗುಟ್ಟಾಗೇ ಇಡ್ತಾರೆ. "ಇದನ್ನ ಸರಿ ಮಾಡ್ತೀನಿ" ಅನ್ನೋ ಡಾಕ್ಟರ್ ಸಿಕ್ರೆ ಎದ್ದು ಬನ್ನಿ, ಅಂಥ ಚಿಕಿತ್ಸೆ ತಪ್ಪು ಅಂತ ಡಾಕ್ಟರುಗಳ ಮೇಲಿರೋ ನ್ಯಾಷನಲ್ ಮೆಡಿಕಲ್ ಕಮಿಷನ್ನೇ 2022ರಲ್ಲಿ ಹೇಳಿದೆ. ಮನಸ್ಸು ತೀರಾ ಕೆಟ್ಟಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಜನ. ನಾವು ಮೂವರು ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗ್ತೀವಿ, ಒಬ್ಬನಿಗೆ ಹೆಂಡ್ತಿ ಮೊಮ್ಮಕ್ಕಳು ಎಲ್ಲಾ ಇದಾರೆ, ನಿಜ ಗೊತ್ತಿರೋದು ನಮ್ಮಿಬ್ರಿಗೇ. ಒಂದಿನ ಬರ್ಲಿಲ್ಲ ಅಂದ್ರೆ ಫೋನ್ ಬರುತ್ತೆ. (ಆಮೇಲೆ ಬೆಣ್ಣೆ ದೋಸೆಗೆ ಹೋಗೋದನ್ನ ಡಾಕ್ಟರಿಗೆ ಹೇಳಲ್ಲ.)

ಆಮೇಲೆ ಕಾಗದ. ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ಮಾನಸಿಕ ಚಿಕಿತ್ಸೆಗೆ ನಿಮ್ಮ ಪರವಾಗಿ ಯಾರಿರಬೇಕು ಅಂತ ಬಿಳಿ ಹಾಳೆ ಮೇಲೆ ಬರೆದು ಸೈನ್ ಮಾಡಿದ್ರೆ ಸಾಕು, ರಕ್ತಸಂಬಂಧಾನೇ ಆಗ್ಬೇಕಂತಿಲ್ಲ. ಆಸ್ತಿಗೆ ವಿಲ್ ಬರೆಸಿಡಿ. ಸಂಗಾತಿ ಇದ್ರೆ ಬ್ಯಾಂಕಲ್ಲಿ ಜಾಯಿಂಟ್ ಅಕೌಂಟ್, ನಾಮಿನಿ ಎರಡಕ್ಕೂ ಅಡ್ಡಿ ಇಲ್ಲ ಅಂತ 2024ರ ಆಗಸ್ಟಲ್ಲಿ ಹಣಕಾಸು ಇಲಾಖೆ ಹೇಳಿದೆ, ಮ್ಯಾನೇಜರ್ ಆಗಲ್ಲ ಅಂದ್ರೆ ಬರವಣಿಗೆಲಿ ಕೊಡಿ ಅಂತ ಕೇಳಿ.