ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಟಾರ್ ಟ್ರೆಕ್‌ನ ಬರಲಿರುವ ಕಾದಂಬರಿಗಳು

ಪ್ರಶ್ನೆ: ಬಾಹ್ಯಾಕಾಶದ ಕಥೆ ಹೇಳುವ ಸ್ಟಾರ್ ಟ್ರೆಕ್ ಟಿವಿ ಸರಣಿಯ ಟೈ-ಇನ್ ಕಾದಂಬರಿಗಳನ್ನು, ಅಂದರೆ ತೆರೆಯ ಪಾತ್ರಗಳನ್ನೇ ಇಟ್ಟುಕೊಂಡು ಬರೆದವನ್ನು, ನಾನು ಬಿಡದೆ ಓದುತ್ತೇನೆ. ಆನ್‌ಲೈನ್ ಮಳಿಗೆಗಳಲ್ಲಿ ಮುಂದಿನ ಕಾದಂಬರಿಗೆ ಹೆಸರಿಲ್ಲ, ಮುಖಪುಟವಿಲ್ಲ, ಆದರೆ ಬಿಡುಗಡೆಯ ದಿನಾಂಕ ಮಾತ್ರ ಇರುತ್ತದೆ. ಕೆಲವು ವಾರಗಳ ನಂತರ ನೋಡಿದರೆ ಅದೂ ಬದಲಾಗಿರುತ್ತದೆ. ಇಂಥ ಮಾಹಿತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಪುಸ್ತಕವೊಂದು ಬರಲಿದೆ ಎಂಬಷ್ಟನ್ನು ನಂಬಬಹುದು; ಅದೇ ದಿನ ಬರುತ್ತದೆ ಎಂದು ನಂಬಿ ಕಾಯುವುದು ಬೇಡ. ಈ ಕಾದಂಬರಿಗಳನ್ನು 1979ರಿಂದ ಹೊರತರುತ್ತಿರುವುದು ಅಮೆರಿಕದ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ. ಮೊದಲು ಅದರ ಪಾಕೆಟ್ ಬುಕ್ಸ್ ವಿಭಾಗದಿಂದ ಬರುತ್ತಿದ್ದವು, ಈಗ ಗ್ಯಾಲರಿ ಬುಕ್ಸ್ ಹೆಸರಿನಲ್ಲಿ ಬರುತ್ತಿವೆ. ದೊಡ್ಡ ಪ್ರಕಾಶಕರು ಮುಂದಿನ ಪುಸ್ತಕಗಳ ವಿವರವನ್ನು ಹಲವು ತಿಂಗಳು ಮೊದಲೇ ಮಾರಾಟಗಾರರಿಗೆ ಕಳುಹಿಸಬೇಕಾಗುತ್ತದೆ. ಐಎಸ್‌ಬಿಎನ್ ಸಂಖ್ಯೆ, ಬೆಲೆ, ಅಂದಾಜು ಪುಟಸಂಖ್ಯೆ ಇವಿಷ್ಟೂ ಆಗಲೇ ಸಿದ್ಧವಾಗಿರುತ್ತವೆ; ಕಾದಂಬರಿ ಮಾತ್ರ ಇನ್ನೂ ಲೇಖಕರ ಕೈಯಲ್ಲೇ ಇರಬಹುದು.

ಸಾಮಾನ್ಯ ಕಾದಂಬರಿಗಿಲ್ಲದ ಒಂದು ಘಟ್ಟವನ್ನೂ ಟೈ-ಇನ್ ಕಾದಂಬರಿ ದಾಟಬೇಕು. ಲೇಖಕರು ಮೊದಲು ಕಥೆಯ ರೂಪರೇಖೆಯನ್ನು ಬರೆದು ಕೊಡುತ್ತಾರೆ. ಅದನ್ನು ಸಂಪಾದಕರು ಒಪ್ಪಿದರೆ ಸಾಲದು, ಸರಣಿಯ ಹಕ್ಕುದಾರರ ಪರವಾನಗಿ ವಿಭಾಗವೂ ಒಪ್ಪಬೇಕು. ಬರೆದು ಮುಗಿಸಿದ ಮೇಲೆ ಹಸ್ತಪ್ರತಿ ಮತ್ತೊಮ್ಮೆ ಅದೇ ಪರಿಶೀಲನೆಗೆ ಹೋಗುತ್ತದೆ. ಪ್ರಸಾರವಾಗುತ್ತಿರುವ ಸರಣಿಗೆ ಸೇರಿದ ಪುಸ್ತಕವಾದರೆ ಬಿಡುಗಡೆಯನ್ನು ಪ್ರಸಾರದ ವೇಳಾಪಟ್ಟಿಗೂ ಹೊಂದಿಸಲಾಗುತ್ತದೆ. ಉದಾಹರಣೆಗೆ, ಸ್ಟಾರ್ ಟ್ರೆಕ್‌ನದೇ ಆದ ಡಿಸ್ಕವರಿ ಸರಣಿ 2017ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಡೇವಿಡ್ ಮ್ಯಾಕ್ ಬರೆದ ಅದರ ಮೊದಲ ಕಾದಂಬರಿ ‘ಡೆಸ್ಪರೇಟ್ ಅವರ್ಸ್’ ಎರಡೇ ದಿನಗಳ ನಂತರ ಅಂಗಡಿಗಳಿಗೆ ಬಂತು. ಅಂದರೆ ಸರಣಿಯನ್ನು ಜಗತ್ತು ನೋಡುವ ಮೊದಲೇ ಅದರ ಪಾತ್ರಗಳ ಬಗ್ಗೆ ಇಡೀ ಕಾದಂಬರಿಯೊಂದು ಬರೆದು ಮುಗಿದಿತ್ತು. ಹೆಸರೇ ಕಥೆಯ ಗುಟ್ಟನ್ನು ಬಿಟ್ಟುಕೊಡುವಂತಿದ್ದರೆ ಅದನ್ನು ಬೇಕೆಂದೇ ತಡೆಹಿಡಿಯುವುದೂ ಉಂಟು.

ಆದ್ದರಿಂದ ಮಳಿಗೆಯ ಪಟ್ಟಿಗಿಂತ ಪ್ರಕಾಶಕರ ಸ್ವಂತ ಪಟ್ಟಿಯನ್ನು ಗಮನಿಸುವುದು ಮೇಲು. ಲೇಖಕರ ಹೆಸರು, ಮುಖಪುಟ, ಬೆನ್ನುಡಿ ಮೂರೂ ಅಲ್ಲಿ ಕಾಣಿಸಿಕೊಂಡ ಮೇಲೆ ದಿನಾಂಕ ಬಹುಮಟ್ಟಿಗೆ ಗಟ್ಟಿಯೆಂದು ತಿಳಿಯಬಹುದು.

ಪ್ರಶ್ನೆ: ಸೈಮನ್ ಅಂಡ್ ಶುಸ್ಟರ್ ಮಾರಾಟವಾಯಿತೆಂದು ಓದಿದೆ. ಇನ್ನು ಈ ಕಾದಂಬರಿಗಳು ನಿಲ್ಲುತ್ತವೆಯೇ?

ಉತ್ತರ: ಮಾರಾಟವಾದದ್ದು ನಿಜ. ಅದುವರೆಗೆ ಸರಣಿಯ ಒಡೆತನ ಹೊಂದಿರುವ ಪ್ಯಾರಾಮೌಂಟ್‌ಗೇ ಸೇರಿದ್ದ ಸಂಸ್ಥೆಯನ್ನು ಕೆಕೆಆರ್ ಎಂಬ ಹೂಡಿಕೆ ಸಂಸ್ಥೆ 2023ರಲ್ಲಿ 162 ಕೋಟಿ ಡಾಲರ್‌ಗೆ ಕೊಂಡಿತು. ಆದರೆ ಕಾದಂಬರಿಗಳು ಹೊರಬರುವುದು ಪರವಾನಗಿಯ ಆಧಾರದ ಮೇಲೆ. ಅದಕ್ಕೆ ಎರಡೂ ಸಂಸ್ಥೆಗಳು ಒಬ್ಬರದೇ ಆಗಿರಬೇಕೆಂದಿಲ್ಲ. ಮಾರಾಟದ ನಂತರ, 2024ರಲ್ಲಿಯೂ ಹೊಸ ಕಾದಂಬರಿಗಳು ಬಂದಿವೆ.

ಪ್ರಶ್ನೆ: ಸ್ಟಾರ್ ಟ್ರೆಕ್‌ನ ಡೀಪ್ ಸ್ಪೇಸ್ ನೈನ್ ಸರಣಿ ಮುಗಿದ ಮೇಲಿನ ಕಥೆಯನ್ನು ಕಾದಂಬರಿಗಳಲ್ಲಿ ವರ್ಷಗಟ್ಟಲೆ ಓದಿಕೊಂಡು ಬಂದವಳು ನಾನು. ಪಿಕಾರ್ಡ್ ಸರಣಿ ಬಂದು ಅದೆಲ್ಲವನ್ನೂ ಅಳಿಸಿಹಾಕಿತು. ನಡೆದೇ ಇಲ್ಲ ಎನಿಸಿಕೊಂಡ ಕಥೆಯನ್ನು ಓದಿದ್ದು ವ್ಯರ್ಥವಾಯಿತೇ? ಇನ್ನು ಮುಂದಿನ ಕಾದಂಬರಿಗಳಿಗಾಗಿ ಏಕೆ ಕಾಯಬೇಕು?

ಉತ್ತರ: ಇದೇ ಪ್ರಶ್ನೆಯನ್ನು ಬೇರೆ ಓದುಗರೂ ಕೇಳಿದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಡೀಪ್ ಸ್ಪೇಸ್ ನೈನ್‌ನ ಕೊನೆಯ ಕಂತು ಪ್ರಸಾರವಾದದ್ದು 1999ರಲ್ಲಿ. ಎರಡು ವರ್ಷಗಳ ನಂತರ ಎಸ್. ಡಿ. ಪೆರಿಯವರ ‘ಅವತಾರ್’ ಎಂಬ ಎರಡು ಭಾಗಗಳ ಕಾದಂಬರಿ ಕಥೆಯನ್ನು ಅಲ್ಲಿಂದ ಮುಂದಕ್ಕೆ ಒಯ್ದಿತು. ಅದುವರೆಗೆ ಟೈ-ಇನ್ ಲೇಖಕರಿಗಿದ್ದ ದೊಡ್ಡ ಕಟ್ಟುಪಾಡೆಂದರೆ, ಕೊನೆಯ ಪುಟದ ಹೊತ್ತಿಗೆ ಪ್ರತಿಯೊಂದು ಪಾತ್ರವನ್ನೂ ಎತ್ತಿಕೊಂಡ ಜಾಗದಲ್ಲೇ ತಂದು ಇಡಬೇಕಾಗಿತ್ತು. ಏಕೆಂದರೆ ಮುಂದಿನ ವಾರದ ಕಂತಿಗೆ ಅವರೆಲ್ಲ ಹಾಗೆಯೇ ಬೇಕಾಗಿದ್ದರು. ಸರಣಿ ಮುಗಿದುದರಿಂದ ಆ ಕಟ್ಟು ಸಡಿಲವಾಯಿತು. ಇನ್ನೊಂದು ಸರಣಿಯಾದ ನೆಕ್ಸ್ಟ್ ಜನರೇಷನ್‌ನ ಅಧಿಕಾರಿ ರೈಕರ್‌ಗೆ ಟೈಟನ್ ನೌಕೆಯ ಸ್ವಂತ ಕಾದಂಬರಿಮಾಲೆ 2005ರಲ್ಲಿ ಸಿಕ್ಕಿತು. 2008ರಲ್ಲಿ ಡೇವಿಡ್ ಮ್ಯಾಕ್ ‘ಡೆಸ್ಟಿನಿ’ ಎಂಬ ಮೂರು ಕಾದಂಬರಿಗಳಲ್ಲಿ ಬೋರ್ಗ್ ಎಂಬ ಅರೆಯಂತ್ರ ಶತ್ರುಗಳ ಕಥೆಯನ್ನೇ ಮುಗಿಸಿದರು. ನೆಕ್ಸ್ಟ್ ಜನರೇಷನ್‌ನ ಕ್ಯಾಪ್ಟನ್ ಪಿಕಾರ್ಡ್ ಮತ್ತು ವೈದ್ಯೆ ಬೆವರ್ಲಿ ಕ್ರಷರ್ ಮದುವೆಯಾದರು, ಅವರಿಗೆ ರೆನೆ ಎಂಬ ಮಗ ಹುಟ್ಟಿದ. ಸತ್ತಿದ್ದ ಯಂತ್ರಮಾನವ ಡೇಟಾ ಮರಳಿ ಬಂದ. ಹಲವು ಲೇಖಕರು ಒಬ್ಬರ ಕಥೆಯ ಪರಿಣಾಮವನ್ನು ಇನ್ನೊಬ್ಬರು ಹೊತ್ತುಕೊಂಡು, ಇಪ್ಪತ್ತು ವರ್ಷಗಳ ಕಾಲ ಒಂದೇ ಕಥಾಲೋಕವನ್ನು ಬೆಳೆಸಿದ್ದು ಈ ಪ್ರಕಾರದಲ್ಲಿ ಅಪರೂಪದ ಸಾಧನೆಯೆಂದೇ ನನ್ನ ಅಭಿಪ್ರಾಯ.

2020ರ ಜನವರಿಯಲ್ಲಿ ಕಿರುತೆರೆಗೆ ಮರಳಿದ ಪಿಕಾರ್ಡ್, ಹೆಂಡತಿ ಮಕ್ಕಳಿಲ್ಲದೆ ದ್ರಾಕ್ಷಿತೋಟದಲ್ಲಿ ದಿನ ಕಳೆಯುತ್ತಿದ್ದ ವೃದ್ಧ. ಡೇಟಾ ಸತ್ತವನು ಸತ್ತೇ ಇದ್ದ. ಎರಡು ಕಥೆಗಳೂ ಒಟ್ಟಿಗೆ ನಿಲ್ಲುವಂತಿರಲಿಲ್ಲ. ತೆರೆಯ ಮೇಲೆ ಬಂದದ್ದು ಮಾತ್ರ ಅಧಿಕೃತ, ಕಾದಂಬರಿ ಅದಕ್ಕೆ ತಲೆಬಾಗಬೇಕು ಎಂಬುದು ಈ ಸರಣಿಯಲ್ಲಿ ಮೊದಲಿನಿಂದಲೂ ಇರುವ ನಿಯಮ. ಲೇಖಕರು ಅದನ್ನು ತಿಳಿದೇ ಬರೆಯುತ್ತಾರೆ. ಸಂಪಾದಕರು ಹಳೆಯ ಎಳೆಯನ್ನು ಅಲ್ಲಿಗೇ ಕತ್ತರಿಸಿ ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ ಮತ್ತು ಡೇವಿಡ್ ಮ್ಯಾಕ್ ಅವರಿಂದ ‘ಕೋಡಾ’ ಎಂಬ ಮೂರು ಕಾದಂಬರಿಗಳನ್ನು ಬರೆಸಿ, 2021ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ತಿಂಗಳಿಗೊಂದರಂತೆ ಪ್ರಕಟಿಸಿದರು. ತಾವು ಬದುಕಿದ ಕಾಲವೇ ಒಂದು ಕವಲೆಂದು, ಉಳಿದ ಲೋಕಗಳು ಉಳಿಯಬೇಕಾದರೆ ತಾವು ಇಲ್ಲವಾಗಬೇಕೆಂದು ಅರಿತ ಪಾತ್ರಗಳು ಅದನ್ನು ಒಪ್ಪಿಕೊಳ್ಳುವ ಕಥೆಯದು. ಸಾವುಗಳು ಅತಿಯಾದವು ಎಂಬ ಆಕ್ಷೇಪಕ್ಕೆ ಕಾರಣವಿದೆ, ಮೊದಲ ಪುಸ್ತಕದ ಕೆಲವು ಅಧ್ಯಾಯಗಳನ್ನು ನಾನೂ ಕಷ್ಟಪಟ್ಟೇ ಓದಿದೆ. ಆದರೂ ತನ್ನ ಅಂತ್ಯವನ್ನು ತಾನೇ ಹೇಳಿಕೊಳ್ಳುವ ಅವಕಾಶ ಒಂದು ಕಥಾಲೋಕಕ್ಕೆ ಸಿಕ್ಕಿತು. ಓದುಗರ ನಿಷ್ಠೆಗೆ ಸಂಪಾದಕರು ತೋರಿಸಿದ ಗೌರವವದು.

ಇನ್ನು ವ್ಯರ್ಥವೇ ಎಂಬ ಮಾತು. ಯಾವ ಕಥೆ ಅಧಿಕೃತ ಎಂಬುದು ಮುಂದಿನ ಚಿತ್ರಕಥೆ ಬರೆಯುವವರಿಗೆ ಬೇಕಾದ ತೀರ್ಮಾನ. ‘ಡೆಸ್ಟಿನಿ’ಯಲ್ಲಿ ಕ್ಯಾಪ್ಟನ್ ಎರಿಕಾ ಹೆರ್ನಾಂಡೆಸ್‌ಳ ಪಾಡನ್ನು ಓದಿ ನೀವು ಮರುಗಿದ್ದರೆ, 2020ರ ಸರಣಿ ಆ ಮರುಕವನ್ನು ಹಿಂದಕ್ಕೆ ಪಡೆಯಲಾರದು. ನಾಳೆ ಬರಲಿರುವ ಕಾದಂಬರಿಯೂ ಇದೇ ಷರತ್ತಿನ ಮೇಲೆ ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೈಗೆತ್ತಿಕೊಳ್ಳಿ. ಆಗ, ಇದು ಮುಂದೆ ಉಳಿಯುತ್ತದೆಯೇ ಎಂಬ ಲೆಕ್ಕಾಚಾರ ಬಿಟ್ಟು, ಇದು ಒಳ್ಳೆಯ ಕಾದಂಬರಿಯೇ ಎಂದು ಕೇಳಲು ಸಾಧ್ಯವಾಗುತ್ತದೆ.

ಪ್ರಶ್ನೆ: ತೆರೆ ಎಂದಾದರೂ ಪುಸ್ತಕದಿಂದ ಪಡೆದದ್ದಿದೆಯೇ?

ಉತ್ತರ: ಇದೆ, ಧಾರಾಳವಾಗಿ ಇದೆ. ಮೊದಲ ಸರಣಿಯ ಸುಲೂ ಪಾತ್ರಕ್ಕೆ ‘ಹಿಕಾರು’ ಎಂಬ ಹೆಸರನ್ನು ಕೊಟ್ಟವರು ವೊಂಡಾ ಮೆಕಿಂಟೈರ್, 1981ರ ‘ದಿ ಎಂಟ್ರೊಪಿ ಎಫೆಕ್ಟ್’ ಕಾದಂಬರಿಯಲ್ಲಿ. ತೆರೆಯ ಮೇಲೆ ಆ ಹೆಸರು ಕೇಳಿಬಂದದ್ದು 1991ರ ಚಲನಚಿತ್ರದಲ್ಲಿ. ಅದೇ ಸರಣಿಯ ಊಹುರಾಳ ‘ನ್ಯೋಟಾ’ ಎಂಬ ಹೆಸರು ಕೂಡ 1982ರ ಪುಸ್ತಕವೊಂದರಲ್ಲಿ ಹುಟ್ಟಿ, 2009ರ ಚಿತ್ರದವರೆಗೆ ಕಾಯಬೇಕಾಯಿತು. ಮೊದಲ ಸರಣಿಯಲ್ಲಿ ‘ನಂಬರ್ ಒನ್’ ಎಂದಷ್ಟೇ ಇದ್ದ ಅಧಿಕಾರಿಣಿಗೆ 2016ರ ‘ಲೆಗಸೀಸ್’ ಕಾದಂಬರಿಗಳು ‘ಊನಾ’ ಎಂಬ ಹೆಸರಿಟ್ಟವು. ಅದು ಸ್ಟಾರ್ ಟ್ರೆಕ್ ಕಾದಂಬರಿಗಳನ್ನು ಬರೆಯುವ ಊನಾ ಮೆಕಾರ್ಮಕ್ ಅವರ ಗೌರವಾರ್ಥ ಇಟ್ಟ ಹೆಸರು. ಇಂದು ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಸರಣಿಯಲ್ಲಿ ಆಕೆ ಊನಾ ಚಿನ್-ರೈಲಿ. ನನಗೆ ಎಲ್ಲಕ್ಕಿಂತ ಸಂತೋಷ ಕೊಡುವುದು ಟೈಟನ್ ನೌಕೆಯ ಸಂಗತಿ: ಪ್ರಕಾಶಕರು ನಡೆಸಿದ ಸ್ಪರ್ಧೆಯೊಂದರಲ್ಲಿ ಗೆದ್ದು ಕಾದಂಬರಿಯ ಮುಖಪುಟ ಸೇರಿದ್ದ ಆ ವಿನ್ಯಾಸವನ್ನೇ 2020ರಲ್ಲಿ ಲೋವರ್ ಡೆಕ್ಸ್ ಸರಣಿ ತೆರೆಗೆ ತಂದಿತು.

ಹೆಸರು ಮತ್ತು ನೌಕೆಗಳಷ್ಟೇ ದಾಟಿ ಹೋಗಿಲ್ಲ. ವಾಯೇಜರ್ ಕಾದಂಬರಿಗಳನ್ನು ಬರೆಯುತ್ತಿದ್ದ ಕರ್ಸ್ಟನ್ ಬೇಯರ್ ಡಿಸ್ಕವರಿಯ ಬರಹಗಾರರ ತಂಡ ಸೇರಿ, ಕಾದಂಬರಿಕಾರರಿಗೂ ಸರಣಿಗೂ ನಡುವಿನ ಕೊಂಡಿಯಾದರು. ಮುಂದೆ ಪಿಕಾರ್ಡ್ ಸರಣಿಯ ಸಹ-ರೂಪಕರ್ತರಲ್ಲಿ ಒಬ್ಬರಾದರು. ಬ್ರಿಟನ್ನಿನ ಡಾಕ್ಟರ್ ಹೂ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. 1989ರಲ್ಲಿ ಸರಣಿ ನಿಂತಾಗ ಅದನ್ನು ಜೀವಂತವಾಗಿರಿಸಿದ್ದು 1991ರಿಂದ ವರ್ಜಿನ್ ಪ್ರಕಟಿಸಿದ ಕಾದಂಬರಿಗಳು. ಅವುಗಳಲ್ಲೊಂದನ್ನು ಬರೆದ ರಸೆಲ್ ಟಿ. ಡೇವಿಸ್ 2005ರಲ್ಲಿ ಸರಣಿಯನ್ನೇ ಮರಳಿ ತಂದರು. ಇನ್ನೊಂದನ್ನು, ಪಾಲ್ ಕಾರ್ನೆಲ್ ಅವರ 1995ರ ‘ಹ್ಯೂಮನ್ ನೇಚರ್’ ಕಾದಂಬರಿಯನ್ನು, 2007ರಲ್ಲಿ ಅವರಿಂದಲೇ ಎರಡು ಕಂತುಗಳಾಗಿ ಬರೆಸಲಾಯಿತು.

ಪ್ರಶ್ನೆ: ಹಿಂದಿನದೇನನ್ನೂ ಓದದೆ, ಮುಂದೆ ಬರುವ ಕಾದಂಬರಿಯಿಂದಲೇ ಆರಂಭಿಸಬಹುದೇ?

ಉತ್ತರ: ಖಂಡಿತ. ‘ಕೋಡಾ’ದ ನಂತರ ಬರುತ್ತಿರುವ ಕಾದಂಬರಿಗಳು ಹೆಚ್ಚಾಗಿ ಬಿಡಿ ಕಥೆಗಳು, ಸಂಬಂಧಪಟ್ಟ ಸರಣಿಯನ್ನು ನೋಡಿದ್ದರೆ ಸಾಕು. ಕಾಯುವ ತಿಂಗಳುಗಳಲ್ಲಿ ಹಳೆಯದೊಂದನ್ನು ಓದುವುದಾದರೆ ಜಾನ್ ಎಂ. ಫೋರ್ಡ್ ಅವರ ‘ದಿ ಫೈನಲ್ ರಿಫ್ಲೆಕ್ಷನ್’ ಹುಡುಕಿ. ಅನ್ಯಗ್ರಹದ ಜನಾಂಗವಾದ ಕ್ಲಿಂಗನ್ನರ ಸಮಾಜವನ್ನು ಅವರದೇ ಕಣ್ಣಿನಿಂದ ಕಾಣಿಸುವ ಈ ಕಾದಂಬರಿ 1984ರದು. 1987ರ ನಂತರ ಕಿರುತೆರೆ ಕ್ಲಿಂಗನ್ನರನ್ನು ಬೇರೆಯೇ ರೀತಿಯಲ್ಲಿ ರೂಪಿಸಿಕೊಂಡಿತು. ಡೀಪ್ ಸ್ಪೇಸ್ ನೈನ್ ಅನ್ನು ಕೊನೆಯವರೆಗೆ ನೋಡಿದವರು ‘ಅವತಾರ್’ನಿಂದ ಆರಂಭಿಸಲಿ. ‘ಡೆಸ್ಟಿನಿ’ಯ ಮೂರು ಪುಸ್ತಕಗಳನ್ನು ಮಾತ್ರ ಕ್ರಮ ತಪ್ಪಿಸಿ ಓದಬಾರದು, ಮೊದಲನೆಯದು ‘ಗಾಡ್ಸ್ ಆಫ್ ನೈಟ್’.